ಡ್ರ್ಯಾಗನ್‌ಗೆ ಆಡಿಟ್ ಆಕ್ಷೇಪಣೆ

ಕಾಯುವುದು ಹೇಗೆಂದು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಂಬೂಸವಾರಿಯ ದಿನ ಚಿತ್ರಾನ್ನದ ಡಬ್ಬಿ, ಛತ್ರಿ, ಹಾಸಿ ಕೂರುವುದಕ್ಕೆ ಹಳೆಯ ಪತ್ರಿಕೆ ಹಿಡಿದು ಬೆಳಗ್ಗೆಯೇ ಸಯ್ಯಾಜಿರಾವ್ ರಸ್ತೆಯ ಅಂಚು ಹಿಡಿದವರಿಗೆ ಆನೆ ಕಾಣಿಸುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. 750 ಕೆ.ಜಿ.ಯ ಅಂಬಾರಿ ಕಣ್ಣೆದುರು ಹಾದುಹೋಗಲು ಎರಡು ನಿಮಿಷ ಸಾಕು. ಮೂರನೆಯ ನಿಮಿಷಕ್ಕೆ ವಿಮರ್ಶೆ ಆರಂಭ: ‘ಏನೇ ಹೇಳಿ, ದ್ರೋಣನ ಗಾಂಭೀರ್ಯ ಇದಕ್ಕಿಲ್ಲ.’ ಬಲರಾಮ ಅಂಬಾರಿ ಹೊತ್ತಾಗ ಹೀಗೆಂದರು. ಅರ್ಜುನ ಹೊತ್ತಾಗ ಬಲರಾಮನೇ ವಾಸಿ ಎಂದರು. ಅಭಿಮನ್ಯು ಬಂದಾಗ ಅರ್ಜುನನಿಗಾಗಿ ನಿಟ್ಟುಸಿರು ಬಿಟ್ಟರು. ದ್ರೋಣನ ಕಾಲದಲ್ಲಿ ಇವರ ತಂದೆಯವರು ಸುಮ್ಮನಿದ್ದರೆಂದು ಭಾವಿಸಬೇಡಿ. ಮಹಾರಾಜರೇ ಅಂಬಾರಿಯಲ್ಲಿ ಕೂರುತ್ತಿದ್ದ ದಸರೆಯ ಮುಂದೆ ಇದೆಲ್ಲ ಏನು ಎಂದು ಅವರು ಮೂಗು ಮುರಿಯುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಇಂಥ ಊರಿಗೆ 2011ರ ಜುಲೈ ತಿಂಗಳಲ್ಲಿ ಒಂದು ಪುಸ್ತಕ ಬಂದಿತು. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಫ್ಯಾಂಟಸಿ ಸರಣಿಯ ಐದನೆಯ ಸಂಪುಟ, ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’. ಸಾವಿರ ಪುಟ ದಾಟಿದ ಅದನ್ನು ಮಲಗಿಕೊಂಡು ಓದಿದರೆ ಎದೆಯ ಮೇಲೆ ರುಬ್ಬುಗುಂಡು ಇಟ್ಟಂತಾಗುತ್ತಿತ್ತು. ನಾಲ್ಕನೆಯ ಸಂಪುಟ 2005ರಲ್ಲಿ ಬಂದಿತ್ತು. ಕಥೆ ಉದ್ದವಾಯಿತೆಂದು ಪಾತ್ರಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ಅದರಲ್ಲಿ ಬಡಿಸಿದ್ದರು. ಉಳಿದವರೆಲ್ಲ ಮುಂದಿನ ವರ್ಷ ಬಂದಾರೆಂಬ ಆಸೆಯ ಮಾತನ್ನು ಪುಸ್ತಕದ ಕೊನೆಯಲ್ಲಿ ಲೇಖಕರೇ ಬರೆದಿದ್ದರು. ಆ ಮುಂದಿನ ವರ್ಷ ಬರಲು ಆರು ವರ್ಷ ಹಿಡಿಯಿತು. ನಮ್ಮಲ್ಲಿ ಒಳಚರಂಡಿ ಕಾಮಗಾರಿಯ ಫಲಕ ಓದಿ ಬೆಳೆದವರಿಗೆ ಇದೊಂದು ವಿಶೇಷವೇ ಅಲ್ಲ. ಆದರೆ ಚರಂಡಿಯ ವಿಷಯದಲ್ಲಿ ತೋರುವ ತಾಳ್ಮೆಯನ್ನು ನಾವು ಸಾಹಿತ್ಯಕ್ಕೆ ತೋರುವುದಿಲ್ಲ.

ನಮ್ಮ ಬೀದಿಯಲ್ಲಿ ಆ ಪುಸ್ತಕಕ್ಕಾಗಿ ಅತ್ಯಂತ ನಿಷ್ಠೆಯಿಂದ ಕಾದವರು ಒಬ್ಬ ನಿವೃತ್ತ ಲೆಕ್ಕಪರಿಶೋಧಕರು. ಮಗಳು ಮದುವೆಯಾಗಿ ಹೋಗುವಾಗ ಅಟ್ಟದ ಮೇಲೆ ಬಿಟ್ಟುಹೋದ ಮೊದಲ ಸಂಪುಟವನ್ನು, ಹೇಗೂ ದುಡ್ಡು ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಓದಲು ಹಿಡಿದವರು. ಹಿಡಿದದ್ದು ಬಿಡಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯಲ್ಲಿ ಉಳಿದವರು ಪಿಂಚಣಿ, ಮಂಡಿನೋವು, ಸೊಸೆ ಎಂಬ ಮೂರು ವಿಷಯಗಳ ಸುತ್ತ ಸುತ್ತುತ್ತಿದ್ದರೆ ಇವರು ನಾಲ್ಕನೆಯ ವಿಷಯ ತೆಗೆಯುತ್ತಿದ್ದರು: ‘ಆ ಕುಳ್ಳ ಟಿರಿಯನ್ ಅಪ್ಪನನ್ನೇ ಕೊಂದು ಓಡಿಹೋದನಲ್ಲ, ಎಲ್ಲಿಗೆ ಹೋಗಿರಬಹುದು?’ ಹೆಜ್ಜಾರ್ಲೆಗಳನ್ನು ನೋಡಲು ಬಂದವರು ದೂರ ಸರಿದು ನಡೆಯುತ್ತಿದ್ದರು. ಯಾವುದೋ ಪೊಲೀಸ್ ಕೇಸು ಎಂದುಕೊಂಡಿರಬೇಕು.

ಪುಸ್ತಕ ಕೈಗೆ ಬಂದ ದಿನ ಅದಕ್ಕೆ ಕಂದು ಕಾಗದದ ರಟ್ಟು ಹಾಕಿದರು. ಕೆಂಪು ಪೆನ್ಸಿಲ್ ಚೂಪು ಮಾಡಿದರು. ಮೂವತ್ತು ವರ್ಷ ತಾಲ್ಲೂಕು ಕಚೇರಿಗಳ ನಗದು ಪುಸ್ತಕ ನೋಡಿದ ಕಣ್ಣು, ಕಥೆ ಎಂದ ಮಾತ್ರಕ್ಕೆ ರಿಯಾಯಿತಿ ತೋರುತ್ತದೆಯೇ? ಹತ್ತು ದಿನ ಕೆರೆಯ ಕಡೆ ಬರಲಿಲ್ಲ. ಹನ್ನೊಂದನೆಯ ದಿನ ಬಂದವರ ಕೈಯಲ್ಲಿ ಎರಡು ಹಾಳೆ ಫುಲ್‌ಸ್ಕೇಪ್ ಕಾಗದವಿತ್ತು.

ಮೊದಲ ಆಕ್ಷೇಪಣೆ, ಹಂಚಿಕೆಯಲ್ಲಿ ತಾರತಮ್ಯ. ಒಂದೊಂದು ಅಧ್ಯಾಯವೂ ಒಂದೊಂದು ಪಾತ್ರದ ಪಾಲು, ಒಟ್ಟು ಅಧ್ಯಾಯ 73. ಜಾನ್ ಸ್ನೋಗೆ 13, ಟಿರಿಯನ್‌ಗೆ 12, ಡೇನೆರಿಸ್‌ಗೆ 10. ಕಾಲು ಸ್ವಾಧೀನವಿಲ್ಲದ ಹುಡುಗ ಬ್ರಾನ್‌ಗೆ ಬರೀ 3. ‘ಅಂಗವಿಕಲರ ಪಾಲಿನಲ್ಲೇ ಕಡಿತ ಮಾಡುವುದು ಎಲ್ಲ ಕಡೆಯೂ ಒಂದೇ ರೋಗ’ ಎಂದು ಅವರು ಅಂಚಿನಲ್ಲಿ ಟಿಪ್ಪಣಿ ಹಾಕಿದ್ದರು.

ಎರಡನೆಯದು ಪ್ರಯಾಣ ಭತ್ಯೆಗೆ ಸಂಬಂಧಿಸಿದ್ದು. ಟಿರಿಯನ್ ರಾಣಿ ಡೇನೆರಿಸ್‌ಳನ್ನು ಕಾಣಲು ಹೊರಡುತ್ತಾನೆ. ಹಡಗಿನಲ್ಲಿ ಹೋಗುತ್ತಾನೆ, ಪಲ್ಲಕ್ಕಿಯಲ್ಲಿ ಹೋಗುತ್ತಾನೆ, ರೋಯ್ನ್ ಎಂಬ ನದಿಯ ಮೇಲೆ ದೋಣಿಯಲ್ಲಿ ಹೋಗುತ್ತಾನೆ, ಮತ್ತೆ ಹಡಗು ಹತ್ತುತ್ತಾನೆ. ಪುಸ್ತಕ ಮುಗಿದರೂ ರಾಣಿಯ ಭೇಟಿ ಆಗುವುದಿಲ್ಲ. ‘ಭೇಟಿಯ ಉದ್ದೇಶ ಈಡೇರಿಲ್ಲ, ಭತ್ಯೆ ವಸೂಲಿಗೆ ಅರ್ಹ’ ಎಂದು ಷರಾ. ನಡಿಗೆಯ ಗುಂಪಿನಲ್ಲಿದ್ದ ಒಬ್ಬರು, ಬಲಮುರಿಯಲ್ಲಿ ತೆಪ್ಪ ಬಿಟ್ಟಿದ್ದರೆ ಅಷ್ಟು ಹೊತ್ತಿಗೆ ಕಾವೇರಿ ಅವನನ್ನು ಸಮುದ್ರಕ್ಕೇ ಸೇರಿಸಿಬಿಡುತ್ತಿದ್ದಳು ಎಂದರು. ಪರಿಶೋಧಕರು ಒಪ್ಪಲಿಲ್ಲ. ಮೆಟ್ಟೂರು ಅಣೆಕಟ್ಟು ದಾಟಿಸಲು ಯಾವ ಪ್ರಾಧಿಕಾರದ ಅನುಮತಿ ಎಂದು ಕೇಳಿದರು. ಅಲ್ಲಿಗೆ ಚರ್ಚೆ ಡ್ರ್ಯಾಗನ್ ಬಿಟ್ಟು ಟಿಎಂಸಿಗೆ ತಿರುಗಿತು. ನಮ್ಮ ಕಡೆ ಯಾವ ಸಾಹಿತ್ಯ ಚರ್ಚೆಯೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಟಿಎಂಸಿಯಿಂದ ತಪ್ಪಿಸಿಕೊಂಡು ಓಡಲಾರದು.

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾಗಿತ್ತು. ಹಿಮದಲ್ಲಿ ಒಂದು, ಮೀರೀನ್ ನಗರದ ಮುಂದೆ ಒಂದು, ಹೀಗೆ ಎರಡು ಮಹಾಯುದ್ಧಗಳಿಗೆ ಪುಸ್ತಕದುದ್ದಕ್ಕೂ ಸೈನ್ಯ ಸೇರುತ್ತದೆ, ಕತ್ತಿ ಮಸೆಯುತ್ತದೆ, ಕುದುರೆ ಸಾಯುತ್ತದೆ. ಯುದ್ಧ ಮಾತ್ರ ನಡೆಯುವುದಿಲ್ಲ. ‘ಎರಡೂ ಕಾಮಗಾರಿ ಅಪೂರ್ಣ. ಕಾರಣ ತಿಳಿಸದೆ ಮುಂದಿನ ಸಾಲಿಗೆ ವರ್ಗಾಯಿಸಲಾಗಿದೆ. ಲೇಖಕರು ಸಮಜಾಯಿಷಿ ನೀಡತಕ್ಕದ್ದು.’

ಇಷ್ಟಾದರೂ ಪರಿಶೋಧಕರು ಪೂರ್ತಿ ಓದಿದವರು. ಅವರಿಗೆ ಕೈಮುಗಿಯಬೇಕು. ಊರಿನ ಉಳಿದ ಓದುಗರನ್ನು ನೋಡಿ. ಎಂಜಿನಿಯರಿಂಗ್ ಓದುತ್ತಿದ್ದ ಪಕ್ಕದ ಮನೆಯ ಹುಡುಗಿ ಮೂರು ರಾತ್ರಿಯಲ್ಲಿ ಮುಗಿಸಿ, ಕೊನೆಯಲ್ಲಿ ಜಾನ್‌ಗೆ ಅವನ ಕಡೆಯವರೇ ಚೂರಿ ಹಾಕಿದ್ದಕ್ಕೆ ಅಡುಗೆಮನೆಯಲ್ಲಿ ಕೂತು ಅತ್ತಳು. ಯಾರು ಹೋದದ್ದು ಎಂದು ಅಜ್ಜಿ ಗಾಬರಿಯಿಂದ ವಿಚಾರಿಸಿದರು. ಮರುದಿನ ಹುಡುಗಿ, ‘ಆರು ವರ್ಷ ಕಾಯಿಸಿ ಕೊಟ್ಟದ್ದು ಇಷ್ಟೇನಾ’ ಎಂದು ಹಲ್ಲು ಕಡಿದಳು. ಆರು ವರ್ಷದ ಅಡುಗೆಯನ್ನು ಮೂರು ರಾತ್ರಿಯಲ್ಲಿ ಉಂಡವರು ಎಲೆಯ ಮುಂದೆ ಕೂತೇ ಸಾರು ಸಾಲದು ಎನ್ನುವುದು ನಮ್ಮ ಮದುವೆಮನೆಗಳಲ್ಲಿ ಹೊಸದಲ್ಲ. ಜಾನ್ ಸತ್ತನೋ ಇಲ್ಲವೋ ಎಂದು ಅಣ್ಣ ತಂಗಿಯರ ನಡುವೆ ಹತ್ತಿಕೊಂಡ ವಾದ ಐದು ವರ್ಷ ಉರಿಯಿತು. ಕೊನೆಗೆ 2016ರಲ್ಲಿ ಇದೇ ಸರಣಿಯನ್ನು ಆಧರಿಸಿದ ಟಿ.ವಿ. ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ ಅವನನ್ನು ಎಬ್ಬಿಸಿ ಕೂರಿಸಿತು. ಪುಸ್ತಕದಲ್ಲಿ ಅವನಿನ್ನೂ ಹಿಮದ ಮೇಲೆ ಬಿದ್ದಿದ್ದಾನೆ.

ಅಗ್ರಹಾರದ ಒಬ್ಬ ಹೋಟೆಲ್ ಮಾಲೀಕರ ದೂರು ಶೀರ್ಷಿಕೆಯ ಮೇಲೆ. ಪುಸ್ತಕದ ಹೆಸರಿನಲ್ಲಿ ಡ್ರ್ಯಾಗನ್‌ಗಳ ಕುಣಿತವಿದೆ. ಒಳಗೆ ನೋಡಿದರೆ ಇರುವ ಮೂರರಲ್ಲಿ ಒಂದು ಓಡಿಹೋಗಿದೆ, ಉಳಿದೆರಡನ್ನು ರಾಣಿ ಪಿರಮಿಡ್‌ನ ಕೆಳಗಿನ ಹೊಂಡದಲ್ಲಿ ಸರಪಳಿ ಹಾಕಿ ಕೂಡಿದ್ದಾಳೆ. ‘ದಸರೆ ಎಂದು ಕರೆದು ಆನೆಗಳನ್ನು ಅರಮನೆಯ ಹಿಂದೆ ಕಟ್ಟಿಹಾಕಿ, ಪಶುಸಂಗೋಪನಾ ಇಲಾಖೆಯ ಸ್ತಬ್ಧಚಿತ್ರವನ್ನು ಮಾತ್ರ ರಸ್ತೆಗೆ ಬಿಟ್ಟ ಹಾಗಾಯಿತು’ ಎಂದರು. ನನಗೆ ತಿಳಿದ ಮಟ್ಟಿಗೆ ಆ ಪುಸ್ತಕದ ಬಗ್ಗೆ ಯಾವ ಭಾಷೆಯಲ್ಲಿಯೂ ಇದಕ್ಕಿಂತ ನೇರವಾದ ವಿಮರ್ಶೆ ಬಂದಿರಲಾರದು. ಅಂದಹಾಗೆ ಆಳಲು ಹೋದ ರಾಣಿ ದಿನವೂ ಅಹವಾಲು ಕೇಳುತ್ತಾ, ಸಂಧಾನ ಮಾಡುತ್ತಾ, ಊರಿನವರ ಕೊಂಕು ಸಹಿಸುತ್ತಾ ಕುಳಿತದ್ದು ಬೇಸರ ತರಿಸಿತು ಎಂದವರೇ ಹೆಚ್ಚು. ಪಾಪ, ಇವರೆಲ್ಲ ಯಾವತ್ತೂ ವಾರ್ಡ್ ಸಭೆಗೆ ಹೋದವರಲ್ಲ. ಆಡಳಿತವೆಂದರೆ ಬೆಂಕಿ ಉಗುಳುವುದು ಎಂದು ನಂಬಿಕೊಂಡವರು.

ಮತ್ತೊಬ್ಬರು, ವಯಸ್ಸಿನಲ್ಲಿ ಹಿರಿಯರು, ಪುಸ್ತಕ ತೀರಾ ನಿರಾಸೆ ತಂದಿತು ಎಂದರು. ಯಾವ ಭಾಗ ಎಂದು ಕೇಳಿದೆ. ‘ನಾನು ಓದಿಲ್ಲ. ಓದಿದವರ ಮುಖ ನೋಡಿ ಹೇಳುತ್ತಿದ್ದೇನೆ.’

ಮೂರನೆಯ ಸಂಪುಟವೇ ಸಂಪುಟ ಎಂಬುದು ಮಾತ್ರ ಎಲ್ಲರ ಒಕ್ಕೊರಲ ತೀರ್ಮಾನವಾಗಿತ್ತು. ಆನೆಗಳಲ್ಲಿ ದ್ರೋಣ, ಸಂಪುಟಗಳಲ್ಲಿ ಮೂರನೆಯದು.

ನಮ್ಮ ಗುಂಪಿನಲ್ಲಿ ಒಬ್ಬ ಕನ್ನಡ ಉಪನ್ಯಾಸಕರಿದ್ದಾರೆ. ಅವರಿಗೆ ಈ ರಗಳೆಯೆಲ್ಲ ಕೇಳಿ ಕೇಳಿ ರೋಸಿಹೋಗಿತ್ತು. ‘ಕುಮಾರವ್ಯಾಸ ಹದಿನೆಂಟು ಪರ್ವದ ಭಾರತವನ್ನು ಹತ್ತಕ್ಕೆ ನಿಲ್ಲಿಸಿದ. ಗದುಗಿನ ಜನ ವೀರನಾರಾಯಣನ ಗುಡಿಯ ಮುಂದೆ ಧರಣಿ ಕುಳಿತರೇ? ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಬಾಣ ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟು ಸತ್ತ, ಮಗ ಪೂರ್ತಿ ಮಾಡಿದ. ಕಾಯುವುದಾದರೆ ಹೀಗೆ ಕಾಯಬೇಕು, ತಲೆಮಾರುಗಟ್ಟಲೆ.’ ಅದಕ್ಕೆ ಪಕ್ಕದ ಮನೆಯ ಹುಡುಗಿ ತಕ್ಕ ಉತ್ತರವನ್ನೇ ಕೊಟ್ಟಳು. ರಾಬರ್ಟ್ ಜೋರ್ಡಾನ್ ಎಂಬ ಇನ್ನೊಬ್ಬ ಅಮೆರಿಕನ್ ಲೇಖಕ 2007ರಲ್ಲಿ ತನ್ನ ಸರಣಿ ಮುಗಿಸದೆ ತೀರಿಕೊಂಡ. ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬಾತ ಆತನ ಟಿಪ್ಪಣಿಗಳನ್ನು ಹಿಡಿದು 2013ರಲ್ಲಿ ಹದಿನಾಲ್ಕನೆಯ ಸಂಪುಟಕ್ಕೆ ಮಂಗಳ ಹಾಡಿದ. ಉಪನ್ಯಾಸಕರು ಕ್ಷಣ ಯೋಚಿಸಿ, ‘ಹಾಗಾದರೆ ಅವನು ಅಮೆರಿಕದ ತಿಮ್ಮಣ್ಣ’ ಎಂದರು. ಅಂದಿನಿಂದ ನಮ್ಮ ಕೆರೆ ಏರಿಯ ಮೇಲೆ ಸ್ಯಾಂಡರ್ಸನ್‌ಗೆ ಬೇರೆ ಹೆಸರಿಲ್ಲ. ಅಷ್ಟೆಲ್ಲ ಹೇಳಿದ ಉಪನ್ಯಾಸಕರು ತಿಮ್ಮಣ್ಣನ ಎಂಟು ಪರ್ವ ಓದಿದ್ದಾರೆಯೇ ಎಂದು ನಾನು ಕೇಳಲಿಲ್ಲ. ಸ್ನೇಹ ಉಳಿಯಬೇಕಲ್ಲ.

ಇಲ್ಲಿ ನನ್ನದೊಂದು ಅಳಲು. ನಾನೂ ಒಂದು ಕಥಾಸಂಕಲನ ತಂದವನು. ಹನ್ನೊಂದು ವರ್ಷವಾಯಿತು. ಎರಡನೆಯದು ಯಾವಾಗ ಎಂದು ಇಂದಿನವರೆಗೆ ಒಬ್ಬ ನರಪಿಳ್ಳೆಯೂ ಕೇಳಿಲ್ಲ. ಮೊದಲನೆಯದರ ಇನ್ನೂರು ಪ್ರತಿಗಳ ಮೇಲೆ ಈಗ ಮಿಕ್ಸಿ ಇಟ್ಟಿದ್ದೇವೆ, ಎತ್ತರ ಸರಿಯಾಗಿದೆ. ಸಮುದ್ರದಾಚೆಯ ಮುದುಕರೊಬ್ಬರು ಊಟ ಮಾಡಿದರೇ, ಫುಟ್‌ಬಾಲ್ ನೋಡಿದರೇ, ಬರೆಯುವುದು ಬಿಟ್ಟು ಯಾಕೆ ನೋಡಿದರು ಎಂದು ವಿಚಾರಿಸುವ ಈ ಜನ ಪಕ್ಕದ ಮನೆಯ ಲೇಖಕನನ್ನು ಕಂಡರೆ ಗ್ಯಾಸ್ ಸಿಲಿಂಡರ್ ಬಂತೇ ಎಂದು ವಿಚಾರಿಸುತ್ತಾರೆ.

ಆರನೆಯ ಸಂಪುಟದ ಕಥೆಗೆ ಬರೋಣ. ರಾಮನೂ ಹದಿನಾಲ್ಕು ವರ್ಷಕ್ಕೆ ಊರಿಗೆ ಮರಳಿದ. ಐದನೆಯದು ಬಂದು ಹದಿನಾಲ್ಕು ವರ್ಷ ದಾಟಿದೆ, ಈ ಸಾಲು ಬರೆಯುವ ಹೊತ್ತಿಗೆ ಆರನೆಯದರ ಸುಳಿವಿಲ್ಲ. ಲೇಖಕರು 2022ರಲ್ಲಿ ಹಸ್ತಪ್ರತಿ 1,100–1,200 ಪುಟವಾಗಿದೆ ಎಂದರು. ಮಂಡ್ಯದಲ್ಲಿ ಕಬ್ಬು ಬೆಳೆಯುವ, ಪರಿಶೋಧಕರ ಭಾವಮೈದುನರೊಬ್ಬರಿಗೆ ಈ ಸಂಖ್ಯೆ ಬಹಳ ಹಿಡಿಸಿತು. ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಅವರು ಮೊದಲು ನೋಡುವುದು ಕೆಆರ್‌ಎಸ್ ಮಟ್ಟ: ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದರ ಪಕ್ಕದಲ್ಲೇ ಪುಸ್ತಕದ ಮಟ್ಟವನ್ನೂ ಪೆನ್ನಿನಲ್ಲಿ ಬರೆದಿಡತೊಡಗಿದರು. ಮರುವರ್ಷ ಲೇಖಕರನ್ನು ಕೇಳಿದರೆ ಮತ್ತೆ ಅದೇ 1,100ರ ಆಸುಪಾಸು. ‘ಒಂದು ವರ್ಷ ಒಳಹರಿವೇ ಇಲ್ಲವೇ?’ ಎಂದು ಭಾವಮೈದುನರು ಫೋನಿನಲ್ಲೇ ಗುಡುಗಿದರು. ‘ಇದು ಬರ ಅಲ್ಲ, ರಾತ್ರೋರಾತ್ರಿ ಯಾರೋ ಗೇಟು ತೆಗೆದಿದ್ದಾರೆ.’ ಅವರು ಪುಸ್ತಕದ ಒಂದು ಪುಟವನ್ನೂ ಓದಿದವರಲ್ಲ. ಆದರೆ ಮಟ್ಟ ಇಳಿದರೆ ಹೆದ್ದಾರಿಗೆ ಬಂದು ಕೂರುವುದು ಅವರಿಗೆ ರಕ್ತದಲ್ಲಿ ಬಂದದ್ದು. ಸಾಂತಾ ಫೆ ಎಂಬ ಊರಿನಲ್ಲಿ ಲೇಖಕರ ಮನೆಯಿದೆ ಎಂದು ಯಾರೋ ಹೇಳಿದಾಗ, ಅಲ್ಲಿಗೆ ಎತ್ತಿನ ಗಾಡಿ ಹೋಗುತ್ತದೆಯೇ ಎಂದು ಕೇಳಿದರಂತೆ.

ಧಾರಾವಾಹಿಯಂತೂ ಪುಸ್ತಕಕ್ಕೆ ಕಾಯದೆ 2019ರಲ್ಲಿ ಮುಗಿದೇಹೋಯಿತು. ಕೊನೆಯ ಕಂತುಗಳು ಸರಿಯಿಲ್ಲ, ಮತ್ತೆ ತೆಗೆಯಿರಿ ಎಂದು ಲೋಕದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಮನವಿಗೆ ಸಹಿ ಹಾಕಿದರು. ನಮ್ಮ ಬೀದಿಯಿಂದ ಏಳು ಸಹಿ ಹೋಯಿತು. ಇದೇ ಬೀದಿಯ ಬೀದಿದೀಪಕ್ಕಾಗಿ ಬರೆದ ಅರ್ಜಿಗೆ ನಾಲ್ಕು ಸಹಿ ಬಿದ್ದಿತ್ತು, ಅದರಲ್ಲಿ ಎರಡು ನನ್ನ ಮನೆಯವೇ.

ಪರಿಶೋಧಕರಿಗೆ ಈಗ ವಯಸ್ಸಾಗಿದೆ. ಕೆರೆಯನ್ನು ಪೂರ್ತಿ ಸುತ್ತುವುದಿಲ್ಲ, ಅರ್ಧಕ್ಕೆ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ‘ಲೇಖಕರು 1948ರವರು, ನಾನು 1951’ ಎಂದು ಒಮ್ಮೆ ಬೆರಳು ಮಡಿಸಿ ಎಣಿಸಿದರು. ‘ಅವರದು ಸಕ್ಕರೆ ಕಾಯಿಲೆಯೋ ಏನೋ ತಿಳಿಯದು, ನನ್ನದು ಊಟದ ನಂತರ 240.’ ಮುಂದೆ ಏನೂ ಹೇಳಲಿಲ್ಲ. ನಾನೂ ನೀರಿನ ಕಡೆ ನೋಡಿದೆ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ ಐದನೆಯ ಸಂಪುಟವನ್ನು ಮೇಜಿನ ಮೇಲೆ ಕಂಡೆ. ಕಂದು ರಟ್ಟಿನ ಅಂಚು ಹರಿದಿತ್ತು. ನಾಲ್ಕನೆಯ ಸಲ ಓದುತ್ತಿದ್ದಾರಂತೆ. ‘ಏನೇ ಹೇಳಿ, ಐದನೆಯದರ ಗಾಂಭೀರ್ಯವೇ ಬೇರೆ’ ಎಂದರು. ಅವರು ಕಾಫಿ ಹೇಳಲು ಒಳಗೆ ಹೋದಾಗ ಪುಟ ತಿರುವಿದೆ. ಆ ಫುಲ್‌ಸ್ಕೇಪ್ ಹಾಳೆಗಳು ಅಲ್ಲೇ ಇದ್ದವು. ದೋಣಿ ಪ್ರಯಾಣದ ಆಕ್ಷೇಪಣೆಯ ಮೇಲೆ ನೀಲಿ ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ ‘ನದಿಯ ವರ್ಣನೆ ಸೊಗಸಾಗಿದೆ. ಕಂಡಿಕೆ ತೀರುವಳಿ’ ಎಂದು ಬರೆದು ಕಿರುಸಹಿ. ಸರಪಳಿಯ ಡ್ರ್ಯಾಗನ್‌ಗಳದ್ದು, ತೀರುವಳಿ. ರಾಣಿಯ ಅಹವಾಲು ಸಭೆಗಳದ್ದು, ತೀರುವಳಿ. ಎರಡು ಯುದ್ಧಗಳದ್ದೂ ತೀರುವಳಿಯಾಗಿತ್ತು. ಬ್ರಾನ್‌ನ ಮೂರು ಅಧ್ಯಾಯಗಳದ್ದು ಮಾತ್ರ ಹಾಗೇ ಇತ್ತು, ಕೆಂಪಿನಲ್ಲಿ.

ಕಾಫಿ ಲೋಟ ಹಿಡಿದು ಬಂದವರು ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. ‘ಅದೊಂದು ಇರಲಿ ಬಿಡಿ’ ಎಂದರು. ‘ಎಲ್ಲವನ್ನೂ ತೀರಿಸಿಬಿಟ್ಟರೆ ಕಡತವನ್ನೇ ಮುಚ್ಚಬೇಕಾಗುತ್ತದೆ.’