ಪೆಂಗ್ವಿನ್‌ಗಳ ರಫ್ತು ವ್ಯಾಪಾರ

ಅಂಟಾರ್ಕ್ಟಿಕಾ ಕಡೆಯ, ಆಸ್ಟ್ರೇಲಿಯಾಕ್ಕೆ ಸೇರಿದ ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳ ಪೆಂಗ್ವಿನ್‌ಗಳಿಗೆ ಅಮೆರಿಕ ಶೇ 10ರಷ್ಟು ಸುಂಕ ಹಾಕಿದ್ದಕ್ಕೆ 2025ರ ಏಪ್ರಿಲ್‌ನಲ್ಲಿ ಎಲ್ಲರೂ ನಕ್ಕಾಯ್ತು. ಆದರೆ ನಾವು ನಕ್ಕಿದ್ದು ಟ್ರಂಪ್ ಸಾಹೇಬರನ್ನು ನೋಡಿ. ಅಸಲಿ ತಮಾಷೆ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ವಿಶ್ವಬ್ಯಾಂಕಿನ ಅಂಕಿಅಂಶದ ಪ್ರಕಾರ 2022ರಲ್ಲಿ ಈ ದ್ವೀಪಗಳಿಂದ ಅಮೆರಿಕಕ್ಕೆ ಸುಮಾರು 14 ಲಕ್ಷ ಡಾಲರ್ ಮಾಲು ಹೋಗಿದೆ. ಏನು ಮಾಲು? ಹೆಚ್ಚುಕಮ್ಮಿ ಎಲ್ಲವೂ ಯಂತ್ರೋಪಕರಣ, ಎಲೆಕ್ಟ್ರಿಕಲ್ ಸಾಮಾನು.

ಅಲ್ಲಿ ಇರೋದು ಹಿಮ, ಜ್ವಾಲಾಮುಖಿ, ಸೀಲ್, ಪೆಂಗ್ವಿನ್. ಒಂದು ನರಪಿಳ್ಳೆ ಇಲ್ಲ. ಎಲ್ಲೋ ಯಾರೋ ಕಸ್ಟಮ್ಸ್ ಫಾರಂ ತುಂಬುವಾಗ ತಪ್ಪು ದೇಶದ ಹೆಸರು ಒತ್ತಿರಬೇಕು, ಅಷ್ಟೇ. ಪಾಪ, ಊಟದ ಹೊತ್ತಾಗಿತ್ತೇನೋ.

ಈ ಲೆಕ್ಕದ ಲೋಕವೇ ಹಾಗೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜಿಟ್ಯಾಪ್ ಅಂತ ಒಂದು ದತ್ತಾಂಶ ಕೋಶ ಇದೆ. ವ್ಯಾಪಾರ ಒಪ್ಪಂದದಿಂದ ಕಾರ್ಬನ್ ತೆರಿಗೆವರೆಗೆ ಏನೇ ಲೆಕ್ಕ ಹಾಕಬೇಕಾದರೂ ಪಂಡಿತರು ಅದನ್ನೇ ಬಿಚ್ಚುತ್ತಾರೆ. ಇಡೀ ಜಗತ್ತಿನ ದುಡಿಮೆ ಅದರಲ್ಲಿ 65 ಡಬ್ಬಿಗಳಲ್ಲಿ, ಅಂದರೆ ವಲಯಗಳಲ್ಲಿ, ಕೂತಿದೆ. ಕುರಿ ಒಂದು ಡಬ್ಬಿ, ದನ ಕುದುರೆಗಳ ಜೊತೆ. ಅದರ ಉಣ್ಣೆ ಮಾತ್ರ ಬೇರೆ ಡಬ್ಬಿ, ರೇಷ್ಮೆಗೂಡಿನ ಜೊತೆ! ಕುರಿ ಉಣ್ಣೆ ಕೊಟ್ಟು ಮತ್ತೆ ಮೇಯೋಕೆ ಹೋಗುತ್ತದೆ, ಹುಳ ಕುದಿಯುವ ನೀರಿಗೆ ಹೋಗುತ್ತದೆ. ಇರಲಿ, ಎರಡೂ ನೂಲೇ ಅಲ್ವಾ. ಇನ್ನೊಂದು ಡಬ್ಬಿ ತೆಗೆದರೆ ಹಂದಿ, ಕೋಳಿ, ಮೊಟ್ಟೆ, ಜೇನುತುಪ್ಪ, ಬಸವನಹುಳು ಒಟ್ಟಿಗೆ ಇಣುಕುತ್ತವೆ. ನಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲೂ ಇಷ್ಟು ಸೌಹಾರ್ದ ಕಂಡಿಲ್ಲ.

ಇನ್ನು ಒಂದೇ ಸರಕಿಗೆ ಮಾರಿದ ದೇಶ ಹೇಳಿದ ಮೊತ್ತಕ್ಕೂ ಕೊಂಡ ದೇಶ ಹೇಳಿದ ಮೊತ್ತಕ್ಕೂ ಯಾವತ್ತೂ ತಾಳೆಯಾಗುವುದಿಲ್ಲ. ಕೊಂಡವನು ಹಡಗಿನ ಬಾಡಿಗೆ, ವಿಮೆ ಸೇರಿಸಿ ಬರೆದಿರುತ್ತಾನೆ. ಅದು ಕಳೆದ ಮೇಲೂ ವ್ಯತ್ಯಾಸ ಉಳಿಯುತ್ತದೆ. ಆಗ ಜಿಟ್ಯಾಪ್ ಪಂಡಿತರು ಕೂತು ಹೊಂದಿಸುತ್ತಾರೆ. ನಾವು ಹೊಂದಿಸಿದರೆ ಸುಳ್ಳು ಲೆಕ್ಕ, ಅವರು ಹೊಂದಿಸಿದರೆ ವಿಧಾನ.

ಈ ಕೆಲಸ ಮಾಡುವವರನ್ನು ಬೈದು ಪ್ರಯೋಜನವಿಲ್ಲ. ದೇಶಗಳು ಕೊಟ್ಟದ್ದನ್ನೇ ಅವರು ಹೊಲಿಯಬೇಕು. 11ನೇ ಆವೃತ್ತಿಯ ಕೊನೆಯ ವರ್ಷ 2017, ಅಂದರೆ ಅದರಲ್ಲಿ ಕೋವಿಡ್ ಇನ್ನೂ ಬಂದೇ ಇಲ್ಲ. ನನಗೆ ಸಿಟ್ಟು ಬರೋದು ಬೇರೆ ಕಡೆ. ಲೆಕ್ಕ ಇಡುವ ಇಲಾಖೆಗೆ ನಾಲ್ಕು ಕಾಸು ಕೊಡಲು ಎಲ್ಲರಿಗೂ ಹೊಟ್ಟೆನೋವು, ಆ ಲೆಕ್ಕ ಹಿಡಿದು ತೆರಿಗೆ ಹಾಕಲು ಮಾತ್ರ ಎಲ್ಲರೂ ಮುಂದು. ಕೋಶದ ಅದೇ 11ನೇ ಆವೃತ್ತಿಯಲ್ಲಿ ಮ್ಯಾನ್ಮಾರಿಗೆ ಸ್ವಂತ ಸಾಲಿಲ್ಲ. 5 ಕೋಟಿಗೂ ಜಾಸ್ತಿ ಜನ 'ಆಗ್ನೇಯ ಏಷ್ಯಾದ ಉಳಿದವರು' ಅನ್ನೋ ಹೆಸರಲ್ಲಿ ಪುಟ್ಟ ದೇಶ ಟಿಮೋರ್‌ ಲೆಸ್ಟೆ ಜೊತೆ ಒಂದೇ ಚಾಪೆ ಮೇಲೆ ಮಲಗಿದ್ದಾರೆ. ಅವರ ಕಾಡು, ಗದ್ದೆ, ಹೊಗೆ ಎಲ್ಲ ಒಂದೇ ಮೂಟೆ.

ಪೆಂಗ್ವಿನ್‌ಗಳಿಗೆ ಆ ತಾಪತ್ರಯ ಇಲ್ಲ. 2025ರ ಸುಂಕದ ಪಟ್ಟಿಯಲ್ಲಿ ಅವಕ್ಕೆ ಸ್ವಂತ ಸಾಲಿತ್ತು.