ಎರಡು ಗಂಟೆಯಂತೆ, ಎರಡು ಗಂಟೆ!

ದಾವಣಗೆರೆಯಿಂದ ದೆಹಲಿಗೆ ವಿಮಾನದಲ್ಲಿ ಎರಡೇ ಗಂಟೆಯಂತೆ. ಹೇಳಿದವನು ನನ್ನ ತಮ್ಮ. ಅವನಿಗೆ ಹೇಳಿದ್ದು ಅವನ ಫೋನು. ದೂರ ಲೆಕ್ಕ ಹಾಕುವ ಯಾವುದೋ ಆಪ್‌ನಲ್ಲಿ ಎರಡು ಊರಿನ ಹೆಸರು ಹಾಕಿದನಂತೆ. 1,580 ಕಿಲೋಮೀಟರ್, ಹಾರಾಟ 2 ಗಂಟೆ ಅಂತ ಬಂತಂತೆ. ‘ಅಕ್ಕಾ, ಅಮ್ಮನ್ನ ಕರ್ಕೊಂಡು ಬಾ, ಕೂತು ಏಳೋದರಲ್ಲಿ ಬಂದುಬಿಡ್ತೀರಿ’ ಅಂದ.

ಎಲ್ಲಿ ಕೂರೋದಪ್ಪಾ? ಪಿ.ಬಿ. ರೋಡಿನಲ್ಲಾ? ಹೈಸ್ಕೂಲ್ ಮೈದಾನದಲ್ಲಾ? ನಮ್ಮೂರಲ್ಲಿ ವಿಮಾನ ನಿಲ್ದಾಣವೇ ಇಲ್ಲ! ಇಲ್ಲೇ ಹುಟ್ಟಿ ಬೆಳೆದವನಿಗೆ ಅದೂ ಮರೆತುಹೋಯ್ತಾ?

ಆ ಆಪ್ ಮಾಡೋದಿಷ್ಟೇ. ಭೂಪಟದ ಮೇಲೆ ಎರಡು ಚುಕ್ಕೆ, ನಡುವೆ ಹಗ್ಗ ಬಿಗಿದ ಹಾಗೆ ಒಂದು ಗೆರೆ. ಆ ದೂರವನ್ನು ಗಂಟೆಗೆ 800 ಕಿಲೋಮೀಟರ್ ಲೆಕ್ಕದಲ್ಲಿ ಭಾಗಿಸಿದರೆ ಉತ್ತರ ರೆಡಿ. ಅಲ್ಲಿ ರನ್‌ವೇ ಇದೆಯಾ, ಹೊಲ ಇದೆಯಾ, ಅದಕ್ಕೆ ಬೇಕಿಲ್ಲ.

ಈಗ ನಮ್ಮ ಲೆಕ್ಕ ಕೇಳಿ. ರಾತ್ರಿ ಒಂಬತ್ತಕ್ಕೆ ಮನೆ ಬಿಟ್ಟೆವು. ಒಂಬತ್ತೂವರೆಯ ಬಸ್ಸು ಹೊರಟಿದ್ದು ಹತ್ತಕ್ಕೆ. ಚಿತ್ರದುರ್ಗ, ಹಿರಿಯೂರು, ಶಿರಾ. ನಡುವೆ ಒಂದು ಕಡೆ ಕಾಫಿಗೆ ಅಂತ ಅರ್ಧ ಗಂಟೆ ನಿಲ್ಲಿಸಿದರು, ಕಾಫಿ ಬಿಸಿನೀರಿನ ಹಾಗಿತ್ತು. ನೆಲಮಂಗಲದಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ದೇವನಹಳ್ಳಿ ಹತ್ತಿರ. ಆದರೆ ನಮ್ಮ ಬಸ್ಸು ಹೋಗೋದು ಮೆಜೆಸ್ಟಿಕ್‌ಗೇ. ಅಲ್ಲಿಳಿದಾಗ ಮೂರು ಇಪ್ಪತ್ತು. ಮಂಡಿನೋವಿನ ಅಮ್ಮ, ಎರಡು ಸೂಟ್‌ಕೇಸು, ತಮ್ಮನಿಗೆ ಅಂತ ಕಟ್ಟಿಕೊಂಡ ಮಂಡಕ್ಕಿ ಗಂಟು. ಇನ್ನೊಂದು ಬಸ್ಸು ಹತ್ತಿ ನಿಲ್ದಾಣ ಸೇರಿದಾಗ ನಾಲ್ಕೂವರೆ.

ನನಗೆ ಜಾಸ್ತಿ ಸಿಟ್ಟು ಬರೋದು ಇಲ್ಲಿ. ದೆಹಲಿ ಇರೋದು ಉತ್ತರಕ್ಕೆ. ನಾವು ಮೊದಲು 260 ಕಿಲೋಮೀಟರ್ ದಕ್ಷಿಣದ ಕಡೆ ಹೋಗಬೇಕು. ಆಮೇಲೆ ಬಸ್ಸಲ್ಲಿ ಇಳಿದು ಬಂದಿದ್ದನ್ನೆಲ್ಲ ಆಕಾಶದಲ್ಲಿ ಮತ್ತೆ ಹತ್ತಬೇಕು. ಎರಡಕ್ಕೂ ಟಿಕೆಟ್ ನಮ್ಮದೇ!

ಹುಬ್ಬಳ್ಳಿಗೆ ಹೋಗಬಾರದಿತ್ತಾ ಅನ್ನಬೇಡಿ. ಅದೂ 145 ಕಿಲೋಮೀಟರ್, ನಮ್ಮ ತಾರೀಖಿಗೆ ಸರಿಹೊಂದಲಿಲ್ಲ. ಶಿವಮೊಗ್ಗದಲ್ಲಿ 2023ರಲ್ಲಿ ನಿಲ್ದಾಣ ಆದಾಗ ನಾನೂ ಕುಣಿದಿದ್ದೆ. ಅಲ್ಲಿಂದ ಬೆಂಗಳೂರಿಗೆ ಹಾರಿ ಇನ್ನೊಂದು ವಿಮಾನ ಹಿಡಿಯೋದಾದರೆ ಬಸ್ಸೇ ವಾಸಿ ಅನ್ನಿಸಿತು.

ಆರೂಕಾಲಿಗೆ ಹೊರಟ ವಿಮಾನ ಒಂಬತ್ತು ಐದಕ್ಕೆ ಇಳಿಯಿತು. ಸೂಟ್‌ಕೇಸಿಗೆ ಕಾದು, ಟ್ಯಾಕ್ಸಿ ಹಿಡಿದು, ತಮ್ಮನ ಮನೆ ಬಾಗಿಲು ಬಡಿದಾಗ ಹತ್ತೂಮುಕ್ಕಾಲು. ಒಟ್ಟು ಹದಿಮೂರುಮುಕ್ಕಾಲು ಗಂಟೆ. ಅವನು ಬಾಗಿಲು ತೆಗೆದು, ‘ಯಾಕಮ್ಮಾ ಇಷ್ಟು ಸುಸ್ತು? ಎರಡೇ ಗಂಟೆ ಅಲ್ವಾ?’ ಅಂದ. ಅಮ್ಮ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ‘ಎರಡು ಗಂಟೆಗೆ ನಾನು ತುಮಕೂರಲ್ಲಿದ್ದೆ ಕಣೋ’ ಅಂದಳು.

ಈಗ ಅವಳದು ಒಂದೇ ಹಟ. ವಾಪಸ್ ಹೋಗೋದು ಸಂಪರ್ಕ ಕ್ರಾಂತಿ ರೈಲಲ್ಲೇ. ಎಷ್ಟು ಹೊತ್ತಾದರೂ ಆಗಲಿ, ನಿಜಾಮುದ್ದೀನ್‌ನಲ್ಲಿ ಹತ್ತಿದರೆ ದಾವಣಗೆರೆಯಲ್ಲೇ ಇಳಿಸುತ್ತಲ್ಲ ಅಂತ. ನೋಡಿದೆ. ವೇಟಿಂಗ್ ಲಿಸ್ಟ್ 64.