ಸಂಘಕ್ಕೆ ನಮ್ಮ ಚಿತ್ರ ಬೇಕು, ನಾವು ಬೇಡ

ನಾನು ಓದಿದ ಕಲಾಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದಿಂದ ಮತ್ತೆ ಪತ್ರ ಬಂದಿದೆ. ವಾರ್ಷಿಕ ಪ್ರದರ್ಶನಕ್ಕೆ ಒಂದು ಕೃತಿ ಕೊಡಬೇಕಂತೆ. ಪುಕ್ಕಟೆ. ಫ್ರೇಮ್ ಕೂಡ ನಾವೇ ಹಾಕಿಸಿ ಕೊಡಬೇಕು. ಮಾರಾಟವಾದರೆ ದುಡ್ಡೆಲ್ಲ ಸಂಘದ ನಿಧಿಗೆ. ಕೊನೆಯಲ್ಲಿ ಪ್ರತಿ ವರ್ಷದ ಮಾತು: ನಿಮಗೂ ಒಳ್ಳೆ ಪ್ರಚಾರ ಸಿಗುತ್ತದೆ.

ಓದಿ ಮೈಯೆಲ್ಲ ಉರಿಯಿತು. ಹಾಲ್‌ನವರಿಗೆ ಬಾಡಿಗೆ ಕೊಡುತ್ತಾರೆ. ಲೈಟ್ ಹಾಕುವವರಿಗೆ ಕೊಡುತ್ತಾರೆ. ಆಮಂತ್ರಣ ಪ್ರಿಂಟ್ ಮಾಡುವವರಿಗೆ ಕೊಡುತ್ತಾರೆ. ಇವರಲ್ಲಿ ಯಾರ ಹತ್ತಿರವಾದರೂ ಹೋಗಿ "ಪ್ರಚಾರ ಸಿಗುತ್ತೆ, ಸುಮ್ನೆ ಮಾಡಿಕೊಡಿ" ಅಂತ ಕೇಳುವ ಧೈರ್ಯ ಇದೆಯಾ? ಇಲ್ಲ. ಗೋಡೆ ಮೇಲಿರುವ ಯಾವುದನ್ನು ನೋಡಲು ಜನ ಬರುತ್ತಾರೋ, ಅದನ್ನು ಮಾಡಿದವರಿಗೆ ಮಾತ್ರ ಏನೂ ಇಲ್ಲ. ಹೊರಗಿನವರು ಹೀಗೆ ಮಾಡಿದರೆ ಗೊತ್ತಿಲ್ಲದೆ ಮಾಡಿದರು ಅನ್ನಬಹುದು. ಇವರು ನಮ್ಮ ಜೊತೆ ಅದೇ ಸ್ಟುಡಿಯೋದಲ್ಲಿ ಕೈ ಕಪ್ಪು ಮಾಡಿಕೊಂಡವರು. ಬಣ್ಣ, ಕಾಗದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಳೆದ ಸಲ ನಾನು ಒಂದು ಎಚ್ಚಿಂಗ್ ಕೊಟ್ಟಿದ್ದೆ, ಅಂದರೆ ಆಸಿಡ್‌ನಲ್ಲಿ ಕೊರೆದ ಲೋಹದ ಪ್ಲೇಟಿನಿಂದ ತೆಗೆದ ಪ್ರಿಂಟ್. ತಾಮ್ರದ ಪ್ಲೇಟಿಗೆ ಆಸಿಡ್ ತಡೆಯುವ ಗ್ರೌಂಡ್ ಅನ್ನೋ ಲೇಪ ಹಚ್ಚಿ, ಸೂಜಿಯಲ್ಲಿ ಗೆರೆ ಎಳೆದು, ಆಸಿಡ್‌ಗೆ ಇಳಿಸಿ, ಗೆರೆ ಸಾಕಷ್ಟು ಆಳಕ್ಕೆ ಹೋಯಿತಾ ಅಂತ ಮತ್ತೆ ಮತ್ತೆ ತೆಗೆದು ನೋಡಿ ಮಾಡುವ ಕೆಲಸ ಅದು. ಪ್ಲೇಟ್ ಆದ ಮೇಲೂ ಮುಗಿಯುವುದಿಲ್ಲ. ಪ್ರತಿ ಪ್ರಿಂಟಿಗೂ ಹೊಸದಾಗಿ ಇಂಕ್ ತುಂಬಬೇಕು, ಒರೆಸಬೇಕು, ನೆನೆಸಿದ ಕಾಗದ ಇಟ್ಟು ಪ್ರೆಸ್ ತಿರುಗಿಸಬೇಕು. ಆಮೇಲೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಎಡಕ್ಕೆ 4/15, ಬಲಕ್ಕೆ ಸಹಿ. ಹದಿನೈದರಲ್ಲಿ ನಾಲ್ಕನೆಯ ಪ್ರತಿ ಅಂತ. 15 ಅಂದರೆ 15 ಪ್ರತಿ ಮಾತ್ರ. ಕೊಂಡುಕೊಳ್ಳುವವರಿಗೆ ನಾನು ಕೊಟ್ಟ ಮಾತು ಅದು.

ಆ ಪ್ರಿಂಟನ್ನು ಇವರು ಫ್ರೇಮಿನಿಂದ ಬಿಚ್ಚಿ, ಸ್ಕ್ಯಾನ್ ಮಾಡಿ, ಸಂಘದ ಕ್ಯಾಲೆಂಡರಿಗೆ ಹಾಕಿಬಿಟ್ಟರು. ಒಂದು ಮಾತು ಕೇಳಲಿಲ್ಲ. ಅಂಚನ್ನು ಪೂರ್ತಿ ಕತ್ತರಿಸಿದ್ದಾರೆ. ನಂಬರೂ ಇಲ್ಲ, ಸಹಿಯೂ ಇಲ್ಲ. ಸಹಿ ಇರಬೇಕಾದ ಜಾಗದಲ್ಲಿ ಸಂಘದ ಲಾಂಛನ! ಕ್ಯಾಲೆಂಡರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಪ್ರಾಯೋಜಕರ ಹೆಸರಿದೆ, ಸಮಿತಿಯವರ ಹೆಸರಿದೆ. ನನ್ನ ಹೆಸರು ಎಲ್ಲೂ ಇಲ್ಲ.

ಮೂಲ ಪ್ರಿಂಟ್ ವಾಪಸ್ ಬಂದಾಗ ಅದರ ಮುಂಭಾಗದ ಅಂಚಿಗೇ ಪ್ಯಾಕಿಂಗ್ ಟೇಪ್ ಅಂಟಿಸಿದ್ದರು. ಟೇಪಿನ ಅಂಟು ಕಾಗದದೊಳಗೆ ಇಳಿದು ಹಳದಿಯಾಗುತ್ತದೆ. ಕಿತ್ತರೆ ಕಾಗದದ ಪದರವೇ ಎದ್ದು ಬರುತ್ತದೆ. ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ವಿಷಯ ಇದು. ನನ್ನ ಸಹಪಾಠಿಯ ಗತಿ ಇನ್ನೂ ಕೆಟ್ಟದು. ಮಾರಾಟವಾಗದೆ ಉಳಿದ ಅವಳ ಜಲವರ್ಣವನ್ನು ಸಂಘದ ಕಚೇರಿಯಲ್ಲಿ ಕಿಟಕಿಗೆ ಎದುರಾಗಿ ತೂಗು ಹಾಕಿದ್ದರು. ಮ್ಯೂಸಿಯಂಗಳಲ್ಲಿ ಇಂಥ ಕೃತಿಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ಇಲ್ಲಿ ನೇರ ಬಿಸಿಲು. ಅವಳು ಬಳಸಿದ್ದ ಅಲಿಜರಿನ್ ಕ್ರಿಮ್ಸನ್ ಮೊದಲೇ ಬೇಗ ಮಾಸುವ ಬಣ್ಣ. ಕೆಂಪು ಇದ್ದ ಕಡೆ ಈಗ ತೆಳು ಕಲೆ ಅಷ್ಟೇ.

ಕಾರ್ಯದರ್ಶಿಗೆ ಫೋನ್ ಮಾಡಿದೆ. ನಮಗಿಂತ ಸೀನಿಯರ್ ಅವರು. "ಅಲ್ಲಮ್ಮಾ, ನಮ್ಮದೇ ಸಂಘ. ಇಲ್ಲೂ ಹಕ್ಕು ಗಿಕ್ಕು ಅಂತೀಯಾ?" ಅಂದರು. ಹೌದು ಸರ್, ಇಲ್ಲೇ ಮೊದಲು ಅನ್ನಬೇಕು. ಕೃತಿಯ ಜೊತೆ ಕಲಾವಿದರ ಹೆಸರು ಇರಬೇಕು, ಅವರ ಗೌರವಕ್ಕೆ ಕುಂದು ಬರುವ ಹಾಗೆ ಕೃತಿಯನ್ನು ತಿರುಚಬಾರದು, ಹಕ್ಕು ಮಾರಿದ ಮೇಲೂ ಕಲಾವಿದರು ಇದನ್ನು ಕೇಳಬಹುದು ಅಂತ ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ 1928ರಲ್ಲೇ ಸೇರಿಸಿದ್ದಾರೆ. ಚಿತ್ರ ಮರುಮಾರಾಟವಾದಾಗ ಕಲಾವಿದರಿಗೂ ಪಾಲು ಸಿಗಬೇಕು ಅಂತ ಫ್ರಾನ್ಸ್ 1920ರಲ್ಲೇ ಕಾನೂನು ಮಾಡಿತು. ನಮ್ಮವರು ಮೊದಲ ಮಾರಾಟದಲ್ಲೇ ಪಾಲು ಕೊಡಲ್ಲ.

ನನಗಿಂತ ಹೆಚ್ಚು ಹೊಟ್ಟೆ ಉರಿಯುವುದು ಈಗಷ್ಟೇ ಓದು ಮುಗಿಸಿದ ಮಕ್ಕಳನ್ನು ನೋಡಿದಾಗ. ಸೀನಿಯರ್‌ಗಳು ಕೇಳಿದರೆ ಇಲ್ಲ ಅನ್ನಲು ಅವರಿಗೆ ಬಾಯಿ ಬರಲ್ಲ. ಸ್ಟುಡಿಯೋ ಬಾಡಿಗೆ ಕಟ್ಟಲು ಒದ್ದಾಡುವವರು ತಮ್ಮ ಒಳ್ಳೆಯ ಕೃತಿಯನ್ನೇ ತಂದು ಕೊಡುತ್ತಾರೆ. ಅದು ಯಾರಿಗೆ ಹೋಯಿತು, ಎಷ್ಟಕ್ಕೆ ಹೋಯಿತು ಅಂತ ಕೂಡ ಅವರಿಗೆ ತಿಳಿಸುವುದಿಲ್ಲ. ಅವರ ಕೈ ಹಿಡಿಯಬೇಕಾದ ಸಂಘ ಅವರ ಜೇಬಿಗೇ ಕೈ ಹಾಕುತ್ತಿದೆ.

ಈ ಸಲ ಪತ್ರಕ್ಕೆ ಉತ್ತರ ಬರೆದಿದ್ದೇನೆ. ಕೃತಿ ತೆಗೆದುಕೊಂಡಾಗ ಅದು ಯಾವ ಸ್ಥಿತಿಯಲ್ಲಿತ್ತು ಅಂತ ಬರೆದು ರಸೀದಿ ಕೊಡಿ. ಮಾರಾಟದ ಹಣದಲ್ಲಿ ಅರ್ಧ ಕಲಾವಿದರಿಗೆ ಕೊಡಿ. ಎಲ್ಲೇ ಅಚ್ಚು ಹಾಕುವುದಿದ್ದರೂ ಮೊದಲು ಕೇಳಿ, ಹೆಸರು ಹಾಕಿ. ಹೋದ ವರ್ಷದ ಲೆಕ್ಕವನ್ನು ಎಲ್ಲ ಸದಸ್ಯರಿಗೂ ಕಳಿಸಿ. ಇಷ್ಟನ್ನೂ ಬರೆದು ಸಹಿ ಹಾಕಿ ಕೊಡುವವರೆಗೆ ನನ್ನಿಂದ ಒಂದು ಸ್ಕೆಚ್ ಕೂಡ ಸಿಗಲ್ಲ. ನನ್ನ ಬ್ಯಾಚಿನವರಿಗೂ ಇದೇ ಪತ್ರ ಕಳಿಸಿದ್ದೇನೆ, ನೀವೂ ಕೊಡಬೇಡಿ ಅಂತ.